ದೋಣಿಯ ಭಾರವನ್ನು ರೋಲರ್‌ಗಳ ಮೇಲೆ ಕೂರಿಸಿದ ಬಗೆ

ತುಂಗಭದ್ರಾ ಜಲಾಶಯದ ಕೊಪ್ಪಳ ಕಡೆಯ ಹಿನ್ನೀರಿನಲ್ಲಿ ಮೀನು ಸಾಗಿಸಲು ನಾವು ಇಟ್ಟುಕೊಂಡಿರುವ 16 ಅಡಿಯ ಫೈಬರ್ ದೋಣಿ ವರ್ಷದ ಹಲವು ತಿಂಗಳು ಟ್ರೈಲರ್ ಮೇಲೆಯೇ ಇರುತ್ತದೆ. ಮುಂಗಾರು ಚೆನ್ನಾಗಿದ್ದರೆ 1633 ಅಡಿಯವರೆಗೆ ತುಂಬುವ ನೀರು ಬೇಸಿಗೆಯ ಹೊತ್ತಿಗೆ ಬಹುದೂರ ಹಿಂದೆ ಸರಿಯುತ್ತದೆ. ಹರಿಗೋಲಿನವರಿಗೆ ಈ ಚಿಂತೆಯಿಲ್ಲ. ದಡಕ್ಕೆ ಎತ್ತಿ ತಂದು ಮಗುಚಿ ಹಾಕಿದರೆ ಮುಗಿಯಿತು.

ನೀರಿನಲ್ಲಿರುವ ದೋಣಿಯ ತಳಕ್ಕೆ ಎಲ್ಲ ಕಡೆಯಿಂದಲೂ ಆಸರೆ ಸಿಗುತ್ತದೆ, ಆದರೆ ಟ್ರೈಲರಿನ ರೋಲರ್, ಅಂದರೆ ದೋಣಿಯನ್ನು ಹೊರುವ ಉರುಳೆ, ಅದನ್ನು ಮುಟ್ಟುವುದು ಎರಡು ಬೆರಳಗಲದ ಜಾಗದಲ್ಲಿ ಮಾತ್ರ. ನಮ್ಮ ಕಡೆಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಹಾಗೆಯೇ ನಿಂತರೆ ಫೈಬರ್ ಆ ಜಾಗದಲ್ಲಿ ಒಳಕ್ಕೆ ಬಾಗಿ, ಬಾಗಿದಂತೆಯೇ ಉಳಿದುಬಿಡಬಹುದು. ಆದ್ದರಿಂದ ತೂಕವನ್ನು ತಳದ ಅತ್ಯಂತ ಗಟ್ಟಿ ಭಾಗವಾದ ಕೀಲ್, ಅಂದರೆ ನಡುವಿನ ಬೆನ್ನೆಲುಬು, ಹೊರಬೇಕು. ಪಕ್ಕದ ರೋಲರ್‌ಗಳ ಕೆಲಸ ದೋಣಿ ವಾಲದಂತೆ ತಡೆಯುವುದಷ್ಟೇ ಎಂದು ನಿರ್ಧರಿಸಿಕೊಂಡೇ ನಾನು ಕೆಲಸಕ್ಕೆ ಇಳಿದೆ.

ಖಾಲಿ ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಗೌಂಡಿಗಳು ಕಟ್ಟುವ ಹಾಗೆ ಮುಂದಿನಿಂದ ಹಿಂದಕ್ಕೆ ನೂಲು ಬಿಗಿದೆ. ನಮ್ಮ ದೋಣಿಯ ಕೀಲ್ ಮೂತಿಯ ಹತ್ತಿರ ಬಿಟ್ಟರೆ ಉಳಿದಂತೆ ನೇರವಾಗಿರುವುದರಿಂದ, ನಡುವಿನ ರೋಲರ್‌ಗಳ ಬೋಲ್ಟುಗಳನ್ನು ಸಡಿಲಿಸಿ ಎಲ್ಲವೂ ನೂಲನ್ನು ಮುಟ್ಟುವಂತೆ ಎತ್ತರ ಹೊಂದಿಸಿದೆ. ದೋಣಿ ಏರಿಸುವಾಗ ಪಕ್ಕದವನ್ನು ಪೂರ್ತಿ ಕೆಳಗಿಳಿಸಿದ್ದೆ. ಏರಿಸಿದ ಮೇಲೆ ನಡುವಿನ ಪ್ರತಿ ರೋಲರನ್ನೂ ಕೈಯಿಂದ ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗುವ ರೋಲರ್ ಭಾರ ಹೊತ್ತಿಲ್ಲವೆಂದೇ ಅರ್ಥ, ಅದನ್ನು ಎತ್ತಲೇಬೇಕು. ಬಳಿಕ ಪಕ್ಕದವನ್ನು ತಳಕ್ಕೆ ತಾಗುವಷ್ಟು ಮಾತ್ರ, ಎಡಬಲ ಒಂದೇ ಸಮನಾಗಿ, ಏರಿಸಿದೆ. ಒಳಗೆ ತಳಕ್ಕೆ ಬಲ ಕೊಡುವ ಉದ್ದಪಟ್ಟಿಗಳಿರುವ ಕಡೆಯೇ ಅವು ಬರಬೇಕು. ಆ ಜಾಗವನ್ನು ತಳವನ್ನು ಬೆರಳಿನಿಂದ ತಟ್ಟಿ, ಸದ್ದು ದಪ್ಪಗಾಗುವುದನ್ನು ಕೇಳಿ ಗುರುತಿಸಿಕೊಂಡೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಹಿಂಬದಿ. ಎಂಜಿನ್ನಿನ ತೂಕವೆಲ್ಲ ಹಿಂದಿನ ಹಲಗೆಯ ಮೇಲಿರುವುದರಿಂದ ಕೊನೆಯ ರೋಲರ್ ಆ ಹಲಗೆಯ ನೇರ ಕೆಳಗೇ ಇರಬೇಕು. ದೋಣಿ ಅದನ್ನು ದಾಟಿ ಹೊರಚಾಚಿದರೆ ತಳ ಹಿಂದಕ್ಕೆ ಜೋತು, ಮುಂದೆ ನೀರಿನಲ್ಲಿ ವೇಗ ಹೆಚ್ಚಿದಾಗ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ.

ಟ್ರೈಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲಿನ ಭಾರವನ್ನು ಭತ್ತದ ಚೀಲ ತೂಗುವ ಕಾಟಾದ ಮೇಲೆ ನೋಡಿದೆ. ಎಂಜಿನ್, ಪೆಟ್ರೋಲ್ ಸೇರಿದ ಒಟ್ಟು ತೂಕದಲ್ಲಿ ಶೇ 5ರಿಂದ 10ರಷ್ಟು ಅಲ್ಲಿ ಬಂದರೆ ಸರಿ. ತೀರಾ ಕಡಿಮೆಯಾದರೆ ರಸ್ತೆಯಲ್ಲಿ ಟ್ರೈಲರ್ ಓಲಾಡುತ್ತದೆ. ಕಡಿಮೆ ಬಂದಿದ್ದರಿಂದ, ಹಿಂದಿನ ಆಸರೆ ಕೆಡದಿರಲೆಂದು ದೋಣಿಯನ್ನು ಸರಿಸದೆ, ಚಕ್ರಗಳ ಅಚ್ಚನ್ನೇ ತುಸು ಹಿಂದಕ್ಕೆ ಸರಿಸಿದೆ.

ರಸ್ತೆಯಲ್ಲಿ ಒಮ್ಮೆ ಎಳೆದು ತಂದ ಮೇಲೆ ಬೋಲ್ಟುಗಳು ಸಡಿಲಾಗಿರಬಹುದು, ಪಾನಾ ಹಿಡಿದು ಮತ್ತೆ ಬಿಗಿಯಬೇಕು. ದೋಣಿಯನ್ನು ನಿಲ್ಲಿಸಿಡುವಾಗ ತಳದ ಬಿರಡೆ ತೆಗೆದು, ಮೂತಿ ಮೇಲೆತ್ತಿರುವಂತೆ ಜಾಕಿ ಕೊಡುತ್ತೇನೆ. ನೀರು ಹರಿದುಹೋಗಲೆಂದೇ ಹೀಗೆ, ಇಲ್ಲದಿದ್ದರೆ ಅಡ್ಡಮಳೆಯ 100 ಲೀಟರ್ ನೀರು ಒಳಗೆ ನಿಂತರೂ 100 ಕಿಲೋ ಭಾರ ಹಿಂದಿನ ರೋಲರ್‌ಗಳ ಮೇಲೆಯೇ ಬೀಳುತ್ತದೆ.