ಹಿರಿಯರ ಕೆಮ್ಮು: ಮೊದಲು ಮಾತ್ರೆ ಚೀಲ ಬಿಚ್ಚಿಸಿ

ಎಪ್ಪತ್ತು ದಾಟಿದವರು ತಿಂಗಳುಗಟ್ಟಲೆ ಕೆಮ್ಮು ಅಂತ ಬಂದರೆ ಸ್ಟೆತಸ್ಕೋಪ್ ಇಡುವ ಮೊದಲು ಅವರ ಮಾತ್ರೆ ಚೀಲ ಕೇಳುತ್ತೇನೆ. ಚೀಟಿಯಲ್ಲ, ಚೀಲ. ಚೀಟಿಯಲ್ಲಿ ಇಲ್ಲದ್ದೆಲ್ಲ ಅಲ್ಲಿರುತ್ತದೆ. ಮೇಜಿನ ಮೇಲೆ ಸುರಿದು ಸ್ಟ್ರಿಪ್‌ಗಳ ಹಿಂಬದಿ ಓದುವಾಗ ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಹೀಗೆ ‘ಪ್ರಿಲ್’ ಬಾಲದ ಬಿಪಿ ಮಾತ್ರೆ ಸಿಕ್ಕರೆ ಮೊದಲ ಅನುಮಾನ ಅದರ ಮೇಲೆ. ಒಣಕೆಮ್ಮು, ಗಂಟಲಲ್ಲಿ ಕಚಗುಳಿ. ಶುರುಮಾಡಿ ತಿಂಗಳುಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು; ‘ಮೊದಲಿಂದ ಇದೇ ಮಾತ್ರೆ ಸಾರ್, ಏನೂ ಆಗಿರಲಿಲ್ಲ’ ಅಂದರೂ ಅನುಮಾನ ಬಿಡಬಾರದು. ಹಾಗಂತ ಸುಮ್ಮನೆ ನಿಲ್ಲಿಸಿದರೆ ಬಿಪಿ ಏರುತ್ತದೆ. ಬೇರೆ ಬಗೆಯ ಬಿಪಿ ಮಾತ್ರೆಗಳಾದ ಟೆಲ್ಮಿಸಾರ್ಟನ್ ಅಥವಾ ಲೋಸಾರ್ಟನ್‌ಗೆ ಬದಲಿಸುತ್ತೇನೆ. ಎಡವುವುದು ಅವಸರದಲ್ಲಿ: ಕೆಮ್ಮು ಅಡಗಲು ಸಾಮಾನ್ಯವಾಗಿ 1ರಿಂದ 4 ವಾರ, ಕೆಲವರಿಗೆ 3 ತಿಂಗಳು ಬೇಕು. ಐದನೇ ದಿನಕ್ಕೆ ‘ಗುಣವಿಲ್ಲ’ ಅಂತ ತೀರ್ಮಾನಿಸಿದರೆ ಇಡೀ ಪ್ರಯೋಗ ವ್ಯರ್ಥ.

ಅದೇ ಚೀಲದಲ್ಲಿ ಗ್ಲಾಕೋಮಾಗೆ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಹಾಕುವ ಟಿಮೊಲಾಲ್ ಹನಿ ಇದೆಯೇ ನೋಡಬೇಕು. ಕಣ್ಣಿಗೆ ಬಿಟ್ಟದ್ದು ಮೂಗಿಗೆ ಇಳಿದು ರಕ್ತ ಸೇರಿ ಉಬ್ಬಸ ಕೆರಳಿಸುತ್ತದೆ. ಅದನ್ನು ಔಷಧ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಚೀಲದಲ್ಲಿ ಕಾರಣ ಸಿಕ್ಕಿತೆಂದು ಕಫ ಪರೀಕ್ಷೆ ಬಿಡುವಂತಿಲ್ಲ. ಪುಸ್ತಕದ ಪ್ರಕಾರ 8 ವಾರ ದಾಟಿದರೆ ದೀರ್ಘಕಾಲದ ಕೆಮ್ಮು. ನಮ್ಮ ದೇಶದಲ್ಲಿ 2 ವಾರಕ್ಕೇ ಟಿಬಿ ನೋಡಬೇಕು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ, ಬರೀ ಸುಸ್ತು, ಊಟ ಸೇರದಿರುವುದು, ಸಡಿಲವಾದ ಬಳೆ ಇಷ್ಟೇ ಕಾಣಬಹುದು. ಪರೀಕ್ಷೆಯ ಡಬ್ಬಿಯಲ್ಲಿ ಕಫದ ಬದಲು ಎಂಜಲು ಬಂದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯೊಳಗಿಂದ ಕೆಮ್ಮಿ ತೆಗೆದದ್ದು ಬೇಕು; 2 ಮಿ.ಲೀ. ಆದರೂ ಇರಲಿ. ಸರ್ಕಾರಿ ಆಸ್ಪತ್ರೆಗಳ ಮೂಲಕ ಕಫದಲ್ಲಿ ಟಿಬಿ ರೋಗಾಣು ಹುಡುಕುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆ ಉಚಿತ. ಫಲಿತಾಂಶ ಬರುವ ಮುಂಚೆ ಲಿವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಬರೆಯುವುದು ದೊಡ್ಡ ತಪ್ಪು: ಅದು ಟಿಬಿಯನ್ನು ಅರೆಬರೆ ಅದುಮಿ ರೋಗಪತ್ತೆಯನ್ನು ಮುಂದಕ್ಕೆ ತಳ್ಳುತ್ತದೆ.

ಎದೆಯ ಎಕ್ಸ್‌ರೇ ಎಲ್ಲರಿಗೂ. ಬೀಡಿ, ಸಿಗರೇಟು ಸೇದಿದವರ ಕಫದಲ್ಲಿ ರಕ್ತವಿದ್ದರೆ, ತೂಕ ಇಳಿದಿದ್ದರೆ, ದನಿ ಒಡೆದಿದ್ದರೆ ಎಕ್ಸ್‌ರೇ ಚೆನ್ನಾಗಿದ್ದರೂ ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ.

ಉಳಿದದ್ದನ್ನು ಕೆಮ್ಮಿನ ಹೊತ್ತೇ ಹೇಳುತ್ತದೆ. ಮಲಗಿದೊಡನೆ ಬಂದು, ಎದ್ದು ಕೂತರೆ ಇಳಿದರೆ, ಪಾದದಲ್ಲಿ ಬಾವೂ ಇದ್ದರೆ ಹೃದಯ ನೋಡಬೇಕು. ಹುಳಿತೇಗು, ಎದೆಯುರಿ ಇದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಮಲಗಬಾರದು. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು 6ರಿಂದ 8 ಇಂಚು ಎತ್ತರಿಸಬೇಕು. ದಿಂಬು ಪೇರಿಸಿದರೆ ಹೊಟ್ಟೆ ಮಡಿಚಿ ಇನ್ನೂ ಕೆಡುತ್ತದೆ. ನೀರು ಕುಡಿಯುವಾಗಲೇ ಕೆಮ್ಮಿದರೆ ನನ್ನೆದುರೇ ಒಂದೊಂದು ಗುಟುಕು ಕುಡಿಸಿ ನೋಡುತ್ತೇನೆ. ಲಕ್ವ, ಪಾರ್ಕಿನ್ಸನ್ ಇರುವವರಲ್ಲಿ ನೀರು ಶ್ವಾಸನಾಳಕ್ಕೆ ಜಾರುತ್ತಿರಬಹುದು. ಕಿವಿಯೊಳಗೂ ಇಣುಕುವುದುಂಟು. ಗುಗ್ಗೆ ಗಟ್ಟಿಯಾಗಿ ಅಲ್ಲಿನ ನರ ಕೆಣಕಿದರೆ ಕೆಮ್ಮು ಬರುತ್ತದೆ. ಅಪರೂಪ, ಆದರೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಸೌದೆ ಒಲೆ ಮುಂದೆ ವರ್ಷಗಟ್ಟಲೆ ಅಡುಗೆ ಮಾಡಿದ ಅಜ್ಜಿಯರಿಗೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸದೆ ‘ವಯಸ್ಸಿನ ಕೆಮ್ಮು’ ಎನ್ನಬಾರದು. ಸೇದದವರಿಗೂ ಸಿಒಪಿಡಿ, ಅಂದರೆ ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ, ಬರುತ್ತದೆ. ಇನ್‌ಹೇಲರ್ ಕೊಟ್ಟರೆ ಸ್ಪೇಸರ್ (ಔಷಧ ಹಿಡಿದಿಡುವ ಕೊಳವೆ) ಜೊತೆಗೇ. ಸಂಧಿನೋವಿನ ಬೆರಳು ಒತ್ತಲಾರದು, ಒತ್ತಿದರೂ ಉಸಿರು ಅದೇ ಕ್ಷಣಕ್ಕೆ ಹೊಂದುವುದಿಲ್ಲ. ಅಲುಗಿಸು, ಉಸಿರು ಬಿಡು, ಒತ್ತು, ನಿಧಾನ ಎಳೆ, ಹತ್ತು ಎಣಿಸುವವರೆಗೆ ಹಿಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು.

ಕೆಮ್ಮಿನ ಸಿರಪ್ ಮಾತ್ರ ಆದಷ್ಟು ದೂರ. ಅದರಲ್ಲಿನ ಅಲರ್ಜಿ ಔಷಧ ಕ್ಲೋರ್‌ಫೆನಿರಮೈನ್ ಪ್ರಾಸ್ಟೇಟ್ ದೊಡ್ಡದಾದ ಅಜ್ಜನ ಮೂತ್ರ ಕಟ್ಟಿಸುತ್ತದೆ, ರಾತ್ರಿ ಎದ್ದಾಗ ತೂರಾಡಿಸುತ್ತದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಮಲಗುವಾಗ ಒಂದು ಚಮಚ ಜೇನು ಸಾಕು.