ಎಂಡೈವ್ ಬೆಳೆಸಿ, ಆದರೆ ಒದ್ದೆ ಗಿಡ ಕಟ್ಟಬೇಡಿ

ಎಂಡೈವ್ ಅಂದರೆ ಲೆಟ್ಯೂಸ್‌ನ ಹಾಗೆ ಕಾಣುವ, ಸ್ವಲ್ಪ ಕಹಿ ಇರುವ ಸಲಾಡ್ ಸೊಪ್ಪು. ಇದು ತಂಪು ಹವೆಯದು. ಹರಿವೆಯ ಹಾಗೆ ಯಾವಾಗಂದರೆ ಆವಾಗ ಬಿತ್ತಿದರೆ ಸೆಕೆಗೆ ಹೂದಂಡು ಎದ್ದುಬಿಡುತ್ತದೆ. ಮಂಗಳೂರು, ಉಡುಪಿ ಕಡೆ ಮಳೆ ಬಿಟ್ಟ ಮೇಲೆ, ನವೆಂಬರ್ ನಡುವಿನಲ್ಲಿ ಬಿತ್ತಿ. ಸುಮಾರು 90 ದಿನದ ಬೆಳೆ. ಫೆಬ್ರವರಿಯೊಳಗೆ ಮುಗಿಸಿಬಿಡಿ.

ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ ನೆರಳಲ್ಲಿಡಿ. ಮಣ್ಣು ಬಿಸಿಯಾದರೆ ಸರಿಯಾಗಿ ಮೊಳೆಯುವುದಿಲ್ಲ. ನಾಲ್ಕೈದು ಎಲೆ ಬಂದ ಮೇಲೆ ಕೆಂಪು ಮಣ್ಣು, ಹಟ್ಟಿಗೊಬ್ಬರ, ಒಂದಿಷ್ಟು ಸುಡುಮಣ್ಣು (ಕಸಕಡ್ಡಿ ಜೊತೆ ಸುಟ್ಟ ಮಣ್ಣು) ಬೆರೆಸಿದ ಚಟ್ಟಿಗೆ ನೆಡಿ. ನೆಲದಲ್ಲಾದರೆ ಗಿಡಗಳ ನಡುವೆ 30 ಸೆಂಟಿಮೀಟರ್ ಬಿಡಿ. ಬರೀ ತೆಂಗಿನ ನಾರಿನ ಪುಡಿ ತುಂಬಿದ ರೆಡಿಮೇಡ್ ಮಣ್ಣಿನ ಚೀಲಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ನೀರು ನಿಂತಿರುತ್ತದೆ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ಶೇಡ್ ನೆಟ್ ಇರಲಿ.

ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಕೆಡಿಸುವುದು ಎಲೆ ಬಿಳಿ ಮಾಡುವಾಗ. ಬೆಳಕು ತಪ್ಪಿಸಿದರೆ ಒಳಗಿನ ಎಲೆಯಲ್ಲಿ ಹಸಿರು ತುಂಬುವುದಿಲ್ಲ, ಕಹಿ ಇಳಿಯುತ್ತದೆ. ಅದಕ್ಕೇ ಹೊರಗಿನ ಎಲೆಗಳನ್ನು ಮೇಲಕ್ಕೆತ್ತಿ, ಜುಟ್ಟಿನ ಹಾಗೆ ಸೇರಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ರಬ್ಬರ್ ಬ್ಯಾಂಡ್ ಬೇಡ, ದಂಟು ಕತ್ತರಿಸುತ್ತದೆ. ಕಟ್ಟುವ ಹೊತ್ತೂ ಮುಖ್ಯ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಲೆ ಮೇಲೆ ಇಬ್ಬನಿ ಇರುತ್ತದಲ್ವಾ? ಹಾಗೇ ಕಟ್ಟಿದರೆ ಮೂರೇ ದಿನದಲ್ಲಿ ಸುಳಿ ಕೊಳೆತು ನಾರುತ್ತದೆ. ಹಿಂದಿನ ದಿನದಿಂದಲೇ ಎಲೆಗೆ ನೀರು ತಾಗಿಸಬೇಡಿ. ಸಂಜೆ ನಾಲ್ಕರ ಹೊತ್ತಿಗೆ ಸುಳಿಯೊಳಗೆ ಬೆರಳು ಹಾಕಿ ನೋಡಿ, ಪಸೆ ಇದ್ದರೆ ನಾಳೆಗೆ ಬಿಡಿ. ಕಟ್ಟಿದ ಮೇಲೆ ಬುಡಕ್ಕೆ ಮಾತ್ರ ನೀರು.

ಕೆಲವರು ಕಟ್ಟುವ ಬದಲು ಪ್ಲಾಸ್ಟಿಕ್ ಬಕೆಟ್ ಕವುಚುತ್ತಾರೆ. ನಮ್ಮ ಸೆಕೆಗೆ ಗಿಡ ಒಳಗೇ ಬೆಂದುಹೋಗುತ್ತದೆ. ಮುಚ್ಚಲೇಬೇಕು ಅಂತಿದ್ದರೆ ಅಡಿಕೆ ಹಾಳೆಯ ಮುಟ್ಟಾಳೆ (ಟೊಪ್ಪಿ) ಇಡಿ. ಬೆಳಕು ತಡೆಯುತ್ತದೆ, ಅಷ್ಟು ಬಿಸಿಯಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಎತ್ತಿ ನೋಡಿ, ಬಸವನಹುಳು ಸೇರಿಕೊಂಡಿದ್ದರೆ ಹೆಕ್ಕಿ ತೆಗೆಯಿರಿ.

ನಮ್ಮ ಹವೆಗೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಕಟ್ಟಿಟ್ಟರೆ ಸಾಕು. ಬಿಚ್ಚಿಟ್ಟರೆ ಮತ್ತೆ ಹಸಿರಾಗುತ್ತದೆ, ಆದ್ದರಿಂದ ತಿನ್ನುವ ದಿನವೇ ಕೊಯ್ಯಿರಿ. ಎಲ್ಲ ಗಿಡ ಒಟ್ಟಿಗೆ ಕಟ್ಟಬೇಡಿ, ಒಮ್ಮೆಗೆ ಎರಡು ಸಾಕು. ಎಲೆ ಸುರುಳಿ ಸುರುಳಿಯಾಗಿರುವ ಜಾತಿ ನೋಡಲು ಚಂದ, ಆದರೆ ಅಗಲ ಎಲೆಯದನ್ನೇ ಹಾಕಿ. ಕಟ್ಟಲು ಸುಲಭ, ಧೂಳು ತೊಳೆಯಲೂ ಸುಲಭ. ಹೊರಗಿನ ಹಸಿರು ಎಲೆ ಸಲಾಡ್‌ಗೆ ಜಾಸ್ತಿ ಕಹಿ. ಬೆಳ್ಳುಳ್ಳಿ ಒಗ್ಗರಣೆ, ತೆಂಗಿನತುರಿ ಹಾಕಿ ಪಲ್ಯ ಮಾಡಿ.