ಮೊದಲ ಮಾಡಲ್ ರಾಕೆಟ್: ಕಿಟ್ ಯಾವ್ದು, ಮೋಟರ್ ಯಾವ್ದು, ಟೂಲ್ಸ್ ಏನೇನ್ ಬೇಕು

ರಾಕೆಟ್ ಹಾರಿಸ್ಬೇಕು ಅಂತ ಆಸೆ ಇರೋರೆಲ್ಲ ಮೊದ್ಲು ಕೇಳೋ ಪ್ರಶ್ನೆ ಎಷ್ಟ್ ಮೇಲೆ ಹೋಗತ್ತೆ ಅಂತ. ನಾನು ಹೇಳೋದು ಮೊದಲ ರಾಕೆಟ್ಟಿಗೆ ಎರಡೇ ಗುರಿ ಇಟ್ಕೊಳ್ಳಿ, ನೆಟ್ಟಗೆ ಹೋಗ್ಬೇಕು, ಇನ್ನೊಂದ್ ಸಲ ಹಾರಿಸೋ ಹಂಗೆ ವಾಪಸ್ ಸಿಗ್ಬೇಕು. ಎತ್ತರ ಆಮೇಲೆ ತಾನಾಗೇ ಬರತ್ತೆ.

ಕಿಟ್ ತಗೊಳ್ಳೋವಾಗ ಒಂದೇ ಸ್ಟೇಜ್ (ಮೋಟರ್ ಉರಿಯೋ ಹಂತ) ಇರೋದು, ರಟ್ಟಿನ ಟ್ಯೂಬು, ಹಗುರವಾದ ಬಾಲ್ಸಾ ಮರದ ಮೂರೋ ನಾಲ್ಕೋ ಫಿನ್ನು (ಬಾಲದ ರೆಕ್ಕೆ), ಒಂದು ಪ್ಯಾರಾಚೂಟು, 18 ಮಿ.ಮೀ. ಮೋಟರ್ (ಇಂಧನ ತುಂಬಿದ, ಒಂದೇ ಸಲ ಉರಿಯೋ ಕೊಳವೆ) ಕೂರೋ ಮೌಂಟು, ಇಷ್ಟಿದ್ರೆ ಸಾಕು. ಮೋಟರು ಜಾರದೆ ಹಿಡ್ಕೊಳ್ಳೋ ಲೋಹದ ಹುಕ್ ಇದ್ರೆ ಇನ್ನೂ ಒಳ್ಳೇದು. ಡಬ್ಬದ ಮೇಲೆ ದೊಡ್ಡ ರಾಕೆಟ್ ಚಿತ್ರ ನೋಡಿ ಎರಡು ಸ್ಟೇಜಿಂದು ತಗೋಬೇಡಿ. ಇನ್ನೊಂದು, ಹೆಚ್ಚಿನ ಕಿಟ್‌ಗಳಲ್ಲಿ ಮೋಟರು, ಅದಕ್ಕೆ ಬೆಂಕಿ ಹಚ್ಚೋ ಇಗ್ನೈಟರು, ಪ್ಯಾರಾಚೂಟ್ ಸುಡದ ಹಂಗೆ ಕಾಪಾಡೋ ವಾಡಿಂಗು, ಲಾಂಚ್ ಪ್ಯಾಡು, ಬಟನ್ ಇರೋ ಕಂಟ್ರೋಲರು ಯಾವ್ದೂ ಬರಲ್ಲ, ಬೇರೆಬೇರೆಯಾಗಿ ತಗೋಬೇಕು, ಪ್ಯಾಡು ಕಂಟ್ರೋಲರ್ ಸೇರಿದ ಸೆಟ್ ಸಿಕ್ಕಿದ್ರೆ ಶುರು ಮಾಡೋರಿಗೆ ಅದೇ ವಾಸಿ.

ಟೂಲ್ಸ್ ವಿಷ್ಯದಲ್ಲಿ ತುಂಬಾ ಖರ್ಚು ಮಾಡೋ ಅಗತ್ಯ ಇಲ್ಲ. ಹೊಸ ಬ್ಲೇಡ್ ಹಾಕಿರೋ ಕ್ರಾಫ್ಟ್ ನೈಫು, ಸ್ಟೀಲ್ ಸ್ಕೇಲು, ಮಾಸ್ಕಿಂಗ್ ಟೇಪು, 220 ಮತ್ತೆ 400 ನಂಬರ್ ಸ್ಯಾಂಡ್ ಪೇಪರು, ಒಳ್ಳೆ ವುಡ್ ಗ್ಲೂ. ಸೂಪರ್ ಗ್ಲೂ ಬೇಗ ಹಿಡಿಯತ್ತೆ ಅಂತ ಫಿನ್ನಿಗೆ ಅದನ್ನೇ ಹಾಕೋರಿದಾರೆ, ಆದ್ರೆ ರಟ್ಟು ಮತ್ತೆ ಮರದ ಜಾಯಿಂಟಿಗೆ ವುಡ್ ಗ್ಲೂನೇ ಸರಿ, ಅದು ಎರಡರೊಳಗೂ ಇಳಿದು ಒಣಗಿದ್ ಮೇಲೆ ಎಳೆದ್ರೆ ಹರಿಯೋದು ರಟ್ಟೇ, ಜಾಯಿಂಟ್ ಬಿಡಲ್ಲ.

ಫಿನ್ ಅಂಟಿಸೋ ಕೆಲಸಕ್ಕೆ ಒಂದು ಪೂರ್ತಿ ಸಂಜೆ ಇಟ್ಕೊಳ್ಳಿ. ಮರದ ಎಳೆ ಫಿನ್ನಿನ ಮುಂದಿನ ಅಂಚಿಗೆ ಸಮನಾಗಿ ಓಡೋ ಹಂಗೆ ಕತ್ತರಿಸ್ಬೇಕು, ಅಡ್ಡ ಎಳೆ ಇದ್ರೆ ನೆಲಕ್ಕೆ ಬಿದ್ದಾಗ ಪಟ್ ಅಂತ ಮುರಿಯತ್ತೆ. ಟ್ಯೂಬಿನ ಮೇಲೆ ನೇರ ಗೆರೆ ಎಳೆಯೋಕೆ ಅದನ್ನ ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ ಹಿಡಿದು ಅಂಚಿನ ಗುಂಟ ಪೆನ್ಸಿಲ್ ಓಡಿಸಿ. ಆಮೇಲೆ ಫಿನ್ನಿನ ಬುಡಕ್ಕೂ ಗೆರೆ ಮೇಲೂ ತೆಳ್ಳಗೆ ಗ್ಲೂ ಸವರಿ ಒಣಗೋಕೆ ಬಿಡಿ, ಮತ್ತೆ ಒಂದು ತೆಳು ಪದರ ಹಾಕಿ ಒತ್ತಿ ಹಿಡೀರಿ, ಈ ಎರಡನೇ ಸಲ ಅದು ಒಂದೆರಡು ನಿಮಿಷದಲ್ಲೇ ಕಚ್ಕೊಳ್ಳತ್ತೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಫಿನ್ ಸೊಟ್ಟ ಇದ್ರೆ ಈಗ್ಲೇ ಸರಿ ಮಾಡಿ. ಒಣಗಿದ್ ಮೇಲೆ ಬುಡದ ಎರಡೂ ಕಡೆ ಗ್ಲೂ ಹಾಕಿ ಬೆರಳಲ್ಲಿ ಎಳೆದು ಸಂದು ತುಂಬಿಸಿ, ಗಟ್ಟಿತನ ಬರೋದು ಇದ್ರಿಂದ್ಲೇ.

ಈಗ ಬ್ಯಾಲೆನ್ಸು. ರಾಕೆಟ್ಟಿನ ತೂಕದ ಕೇಂದ್ರ (ಅದು ಸಮತೂಗೋ ಜಾಗ), ಗಾಳಿ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಒಟ್ಟಾಗಿ ತಾಗೋ ಬಿಂದು) ಕನಿಷ್ಠ ಟ್ಯೂಬಿನ ಒಂದು ವ್ಯಾಸದಷ್ಟು ಮುಂದಿರ್ಬೇಕು, ಇಲ್ಲಾಂದ್ರೆ ಮೇಲೆ ಹೋಗ್ತಾ ಪಲ್ಟಿ ಹೊಡೆಯತ್ತೆ. ಒತ್ತಡದ ಕೇಂದ್ರ ಲೆಕ್ಕ ಹಾಕೋ ಸೂತ್ರಗಳನ್ನ 1960ರ ದಶಕದಲ್ಲಿ ನಾಸಾ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ ಕೊಟ್ರು, ಈಗ ಓಪನ್‌ರಾಕೆಟ್ ಅನ್ನೋ ಉಚಿತ ಸಾಫ್ಟ್‌ವೇರ್ ಆ ಲೆಕ್ಕ ಮಾಡ್ಕೊಡತ್ತೆ. ಕಂಪ್ಯೂಟರ್ ಬೇಡ ಅಂದ್ರೆ ಇಗ್ನೈಟರ್ ಇಲ್ದೆ ಮೋಟರ್ ಮಾತ್ರ ಕೂರಿಸಿ, ರಾಕೆಟ್ ಸಮತೂಗೋ ಜಾಗಕ್ಕೆ ಎರಡು ಮೂರು ಮೀಟರ್ ದಾರ ಕಟ್ಟಿ ತಲೆ ಮೇಲೆ ಸುತ್ತಿಸಿ, ಮೂತಿ ಮುಂದಾಗಿ ಸುತ್ತಿದ್ರೆ ಸರಿ. ಮೂತಿ ಮುಂದೆ ನಿಲ್ದೆ ಅಡ್ಡಾದಿಡ್ಡಿ ತಿರುಗ್ತಾ ಇದ್ರೆ ಮೂತಿ ಒಳಗೆ ಸ್ವಲ್ಪ ಕ್ಲೇ ಸೇರಿಸಿ ಮತ್ತೆ ನೋಡಿ.

ಮೋಟರ್ ಮೇಲಿನ ಕೋಡ್ ಓದೋದು ಸುಲಭ. ಉದಾಹರಣೆಗೆ ಸಿ6-5. ಅಕ್ಷರ ಅಂದ್ರೆ ಒಟ್ಟು ತಳ್ಳಾಟದ (ಬಲ × ಉರಿಯೋ ಸಮಯ) ವರ್ಗ: ಎ ಅಂದ್ರೆ 2.5 ನ್ಯೂಟನ್-ಸೆಕೆಂಡ್‌ವರೆಗೆ, ಬಿ 5ರವರೆಗೆ, ಸಿ 10ರವರೆಗೆ, ಹಿಂಗೆ ಪ್ರತಿ ಅಕ್ಷರಕ್ಕೂ ಡಬಲ್ ಆಗ್ತಾ ಹೋಗತ್ತೆ. 6 ಅನ್ನೋದು ಸರಾಸರಿ ತಳ್ಳೋ ಬಲ, ನ್ಯೂಟನ್ ಲೆಕ್ಕದಲ್ಲಿ. ಕೊನೇ 5 ಅನ್ನೋದು ಉರಿದು ಮುಗಿದ್ ಮೇಲೆ ಪ್ಯಾರಾಚೂಟ್ ಹೊರಗೆ ತಳ್ಳೋ ಚಾರ್ಜ್ ಸಿಡಿಯೋ ತನಕ ಇರೋ ಸೆಕೆಂಡು. ಹೆಚ್ಚಿನವ್ರು ಗಮನ ಕೊಡದೇ ಇರೋದು ಈ ಕೊನೇ ನಂಬರಿಗೇನೇ. ಅದು ಕಮ್ಮಿ ಆದ್ರೆ ರಾಕೆಟ್ ಇನ್ನೂ ಜೋರಾಗಿ ಹೋಗ್ತಿರೋವಾಗ್ಲೇ ಪ್ಯಾರಾಚೂಟ್ ಬಿಚ್ಕೊಂಡು ಶಾಕ್ ಕಾರ್ಡು (ಮೂತಿಯನ್ನ ಟ್ಯೂಬಿಗೆ ಕಟ್ಟಿರೋ ದಾರ) ಟ್ಯೂಬನ್ನ ಸೀಳ್ಬಿಡತ್ತೆ, ಜಾಸ್ತಿ ಆದ್ರೆ ಮೂತಿ ಕೆಳಗಾಗಿ ಬೀಳ್ತಾ ಬರೋವಾಗ ಬಿಚ್ಕೊಳ್ಳತ್ತೆ ಇಲ್ಲಾ ಬಿಚ್ಕೊಳ್ದೇ ನೆಲಕ್ಕೆ ಗುದ್ದತ್ತೆ. ಕೊನೇಲಿ 0 ಇರೋ ಮೋಟರು ಕೆಳಗಿನ ಸ್ಟೇಜಿಗೆ ಮಾತ್ರ, ಒಂಟಿ ರಾಕೆಟ್ಟಿಗೆ ಹಾಕ್ಬೇಡಿ. ಕಿಟ್ ಜೊತೆ ಬರೋ ಪಟ್ಟಿಯಲ್ಲಿರೋ ಮೋಟರ್ ಮಾತ್ರ ಬಳಸಿ, ಅದ್ರಲ್ಲೂ ಮೊದಲ ಹಾರಾಟಕ್ಕೆ ಪಟ್ಟಿಯಲ್ಲಿರೋ ಅತಿ ಚಿಕ್ಕದು. ಮನೇಲಿ ಮೋಟರ್ ಮಾಡೋ ಯೋಚನೆನೇ ಬೇಡ, ಬೆರಳು, ಕಣ್ಣು ಹೋಗೋ ವಿಷ್ಯ ಅದು. ಬಿಸಿಲಲ್ಲಿ ನಿಂತ ಕಾರಲ್ಲೂ ಮೋಟರ್ ಬಿಟ್ಟು ಹೋಗ್ಬೇಡಿ, ಬಿಸಿ ತಂಪು ಬಿಸಿ ತಂಪು ಆದಾಗ ಒಳಗಿನ ಬ್ಲ್ಯಾಕ್ ಪೌಡರ್ ಬಿರುಕು ಬಿಟ್ಟು ಹಾರೋವಾಗ ಸಿಡಿಯೋ ಅಪಾಯ ಇದೆ.

ಪ್ಯಾರಾಚೂಟ್ ಕೆಳಗೆ ಬೆಂಕಿ ಹಿಡಿಯದ ವಾಡಿಂಗನ್ನ ಟ್ಯೂಬಿನ ಎರಡು ವ್ಯಾಸದಷ್ಟು ಆಳಕ್ಕೆ ಸಡಿಲವಾಗಿ ತುಂಬಿ, ಮಾಮೂಲಿ ಟಿಶ್ಯೂ ಪೇಪರ್ ಉರಿಯತ್ತೆ. ಪ್ಯಾರಾಚೂಟಿಗೆ ಟಾಲ್ಕಂ ಪೌಡರ್ ಸವರಿ ಮಡಚಿದ್ರೆ ಒಂದಕ್ಕೊಂದು ಅಂಟ್ಕೊಳ್ಳಲ್ಲ. ಗಾಳಿ ಇದ್ದ ದಿನ ಮಧ್ಯದಲ್ಲಿ ಒಂದು ತೂತು ಮಾಡಿ, ಬೇಗ ಇಳಿಯತ್ತೆ, ದೂರ ತೇಲ್ಕೊಂಡ್ ಹೋಗಲ್ಲ.

ಮೈದಾನಕ್ಕೆ ಬಂದ್ರೆ, ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸೇಫ್ಟಿ ಕೋಡ್ ಎಲ್ಲೇ ಹಾರಿಸಿದ್ರೂ ಪಾಲಿಸೋ ಹಂಗಿದೆ, ನಿಮ್ಮ ಜಾಗದ ಕಾನೂನು ಅನುಮತಿ ಏನಿದೆ ಅಂತ ಅದ್ರ ಜೊತೆ ನೋಡ್ಕೊಳ್ಳಿ. ಎ ಮೋಟರಿಗೆ ಜಾಗ ಕನಿಷ್ಠ 30 ಮೀಟರ್ ಅಗಲ ಇರ್ಬೇಕು, ಬಿಗೆ 60, ಸಿಗೆ 120. ಡಿ ವರೆಗಿನ ಮೋಟರಿಗೆ 5 ಮೀಟರ್ ದೂರ ನಿಲ್ಲಿ, ದೊಡ್ಡದಕ್ಕೆ 9. ಗಾಳಿ ಗಂಟೆಗೆ 32 ಕಿ.ಮೀ. ಮೀರಿದ್ರೆ ಹಾರಿಸ್ಬೇಡಿ. ಪ್ಯಾಡಿನ ರಾಡ್‌ನ (ರಾಕೆಟ್ಟನ್ನ ನೆಟ್ಟಗೆ ಹೊರಡಿಸೋ ಕಡ್ಡಿ) ತುದಿ ಕಣ್ಣಿಗಿಂತ ಎತ್ತರ ಇರ್ಲಿ, ಹಾರಿಸದೇ ಇದ್ದಾಗ ಅದಕ್ಕೊಂದು ಕ್ಯಾಪ್ ಹಾಕಿ.

ಬಟನ್ ಒತ್ತಿದ್ರೂ ಏನೂ ಆಗ್ಲಿಲ್ಲ ಅಂದ್ರೆ ಓಡ್ ಹೋಗಿ ನೋಡೋದಲ್ಲ, ಕಂಟ್ರೋಲರ್ ಕೀ ತೆಗೆದು 60 ಸೆಕೆಂಡ್ ಕಾಯ್ರಿ, ಆಮೇಲೆ ಹತ್ರ ಹೋಗಿ. ಸಾಮಾನ್ಯವಾಗಿ ಇಗ್ನೈಟರ್ ತುದಿ ಒಳಗಿನ ಇಂಧನಕ್ಕೆ ತಾಕಿರಲ್ಲ, ಇಲ್ಲಾ ಇಗ್ನೈಟರ್ ತಂತಿಗೆ ಹಾಕೋ ಕ್ಲಿಪ್ಪುಗಳು ಒಂದಕ್ಕೊಂದು ತಾಗಿರ್ತವೆ, ಇಲ್ಲಾ ಕ್ಲಿಪ್ಪಿಗೆ ಮಸಿ ಕಟ್ಟಿರತ್ತೆ, ಸ್ಯಾಂಡ್ ಪೇಪರಲ್ಲಿ ಉಜ್ಜಿದ್ರೆ ಹೋಗತ್ತೆ. ಕರೆಂಟ್ ತಂತಿಗೆ ಸಿಕ್ಕಾಕೊಂಡ ರಾಕೆಟ್ ಮಾತ್ರ ಬಿಟ್ಬಿಡಿ, ಕೋಲು ಹಾಕಿ ತೆಗೆಯೋಕೆ ಹೋಗ್ಬೇಡಿ.

ಪ್ರತಿ ಹಾರಾಟ ಆದ್ಮೇಲೆ ಯಾವ ಮೋಟರು, ಗಾಳಿ ಹೆಂಗಿತ್ತು, ಪ್ಯಾರಾಚೂಟ್ ತುತ್ತತುದಿಗೆ ಮೊದ್ಲೇ ಬಿಚ್ತಾ ಆಮೇಲಾ ಅಂತ ಬರೆದಿಟ್ಕೊಳ್ಳಿ, ಮುಂದಿನ ಸಲ ಡಿಲೇ (ಕೋಡಿನ ಕೊನೇ ನಂಬರು) ಎಷ್ಟಿಂದು ತಗೋಬೇಕು ಅಂತ ಅದ್ರಲ್ಲೇ ಗೊತ್ತಾಗತ್ತೆ. ಶಾಕ್ ಕಾರ್ಡು ಸುಟ್ಟಿದ್ಯಾ, ಫಿನ್ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇದ್ಯಾ ಅಂತ ಅಲ್ಲೇ ನೋಡಿ, ಇದ್ರೆ ಅವತ್ತಿಗೆ ಆ ರಾಕೆಟ್ ಮತ್ತೆ ಪ್ಯಾಡ್ ಮೇಲೆ ಇಡ್ಬೇಡಿ.